ಸರ್ವರ್ ಜೋಡಿಸುವ ಮೊದಲು ಸ್ವಿಚ್‌ನ ಯೋಜನೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೊಸ ಸರ್ವರ್ ಬರಲಿದೆ ಎಂದುಕೊಳ್ಳಿ. ಕಚೇರಿಯ ಲೆಕ್ಕಪತ್ರ, ವೇಬ್ರಿಡ್ಜ್‌ನ ಕಂಪ್ಯೂಟರ್, ಗೋದಾಮಿನ ಸಿಸಿಟಿವಿ ಕ್ಯಾಮೆರಾಗಳು, ಹೊರಗಿನವರಿಗೆ ಕೊಡುವ ವೈಫೈ ಎಲ್ಲವೂ ಅಲ್ಲಿ ಈಗಾಗಲೇ ಬೇರೆ ಬೇರೆ ವಿಲ್ಯಾನ್‌ಗಳಲ್ಲಿವೆ, ಅಂದರೆ ನೆಟ್‌ವರ್ಕ್ ಕೇಬಲ್‌ಗಳು ಸೇರುವ ಸ್ವಿಚ್‌ನಲ್ಲಿ ಸಂಖ್ಯೆ ಕೊಟ್ಟು ಬೇರ್ಪಡಿಸಿದ ವಿಭಾಗಗಳಲ್ಲಿವೆ. ಇಂತಹ ಕಡೆ ಸರ್ವರನ್ನು ಖಾಲಿ ಕಂಡ ಪೋರ್ಟಿಗೆ ಸಿಕ್ಕಿಸಿ, ಆಮೇಲೆ ನೋಡಿಕೊಳ್ಳೋಣ ಎನ್ನುವುದು ಕೈಯಾರೆ ತೊಂದರೆ ತಂದುಕೊಂಡಂತೆ. ಪ್ರತಿ ಕೇಬಲ್ಲಿನ ಎರಡೂ ತುದಿಗಳ ವಿವರ ಮೊದಲೇ ಬರಹದಲ್ಲಿರಬೇಕು.

ವಿಲ್ಯಾನ್‌ಗಳ ಪಟ್ಟಿಯಿಂದ ಆರಂಭಿಸಿ. ವಿಲ್ಯಾನ್‌ಗಳಿಗಿರುವ 802.1ಕ್ಯೂ ಮಾನಕದಲ್ಲಿ 1ರಿಂದ 4094ರವರೆಗಿನ ಸಂಖ್ಯೆಗಳು ಬಳಕೆಗೆ ಸಿಗುತ್ತವೆಯಾದರೂ, ಬಹುತೇಕ ಸ್ವಿಚ್‌ಗಳು ಹೊಸದಾಗಿ ಬಂದಾಗ ಎಲ್ಲ ಪೋರ್ಟ್‌ಗಳನ್ನೂ 1ರಲ್ಲೇ ಇಟ್ಟಿರುವುದರಿಂದ ಆ ಸಂಖ್ಯೆಯನ್ನು ಯಾವ ಕೆಲಸಕ್ಕೂ ಬಳಸದಿರುವುದು ಒಳ್ಳೆಯದು. ನಿರ್ವಹಣೆಗೆ 10, ಸರ್ವರ್‌ಗಳಿಗೆ 20, ಕಚೇರಿಗೆ 30, ಕ್ಯಾಮೆರಾಗಳಿಗೆ 40 ಎಂದು ಹಂಚಿ, ಐಪಿ ವಿಳಾಸದ ಮೂರನೆಯ ಭಾಗಕ್ಕೂ ಅದೇ ಸಂಖ್ಯೆ ಕೊಟ್ಟರೆ, ಅಂದರೆ ಸರ್ವರ್‌ಗಳಿಗೆ 10.10.20.0 ಎಂದಿಟ್ಟರೆ, ಮುಂದೆ ದೋಷ ಹುಡುಕುವವರಿಗೆ ವಿಳಾಸ ನೋಡಿದ ಕೂಡಲೇ ವಿಭಾಗ ತಿಳಿಯುತ್ತದೆ.

ನಂತರ ಪೋರ್ಟ್‌ಗಳ ಕೋಷ್ಟಕ. ಅದರ ಒಂದು ಸಾಲು ಹೀಗಿರಬಹುದು: ಸ್ವಿಚ್ ಪೋರ್ಟ್ 17, ಸರ್ವರ್‌ನ ಮೊದಲ ಲ್ಯಾನ್ ಪೋರ್ಟ್, ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಒಯ್ಯುವ ಪೋರ್ಟ್), ಟ್ಯಾಗ್ (ದತ್ತಾಂಶಕ್ಕೆ ಅಂಟಿಸುವ ವಿಲ್ಯಾನ್ ಸಂಖ್ಯೆ) ಸಹಿತ 20 ಮತ್ತು 40, ಟ್ಯಾಗ್ ಇಲ್ಲದೆ 10. ಈ ಕೊನೆಯ ಅಂಶಕ್ಕೆ, ಅಂದರೆ ನೇಟಿವ್ ವಿಲ್ಯಾನ್‌ಗೆ, ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವರ್ಚುವಲ್ ಯಂತ್ರಗಳನ್ನು ನಡೆಸುವ ಸರ್ವರ್ ತನ್ನ ನಿರ್ವಹಣಾ ವಿಳಾಸದ ದತ್ತಾಂಶವನ್ನು ಟ್ಯಾಗ್ ಇಲ್ಲದೆ ಕಳುಹಿಸಿದರೆ, ಸ್ವಿಚ್ ಅದನ್ನು ನೇಟಿವ್ ವಿಲ್ಯಾನ್‌ಗೆ ಸೇರಿಸುತ್ತದೆ. ಅಲ್ಲಿ 10ರ ಬದಲು 1 ಉಳಿದಿದ್ದರೆ ಪೋರ್ಟಿನ ದೀಪ ಹಸಿರಾಗಿಯೇ ಇರುತ್ತದೆ, ಸರ್ವರ್ ಮಾತ್ರ ಸಿಗುವುದಿಲ್ಲ. ಸರ್ವರೇ ಟ್ಯಾಗ್ ಹಾಕುವುದಾದರೆ ಸ್ವಿಚ್‌ನಲ್ಲೂ ಅದನ್ನು ಟ್ಯಾಗ್ ಇರುವ ವಿಲ್ಯಾನ್ ಆಗಿಯೇ ಬರೆಯಬೇಕು. ನೆಟ್‌ವರ್ಕ್ ಮೂಲಕ ಆಪರೇಟಿಂಗ್ ಸಿಸ್ಟಮ್ ಅಳವಡಿಸುವವರು, ಬೂಟ್ ಹಂತದ ಸಂವಹನ ಸಾಮಾನ್ಯವಾಗಿ ಟ್ಯಾಗ್ ಇಲ್ಲದೆ ಹೊರಡುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಐಡ್ರ್ಯಾಕ್ ಅಥವಾ ಐಎಲ್‌ಒ ಪೋರ್ಟಿಗೆ, ಅಂದರೆ ಸರ್ವರನ್ನು ದೂರದಿಂದ ನಿರ್ವಹಿಸುವ ಪೋರ್ಟಿಗೆ, ಪ್ರತ್ಯೇಕ ಸಾಲು ಬೇಕು. ಅದು ವಿಲ್ಯಾನ್ 10ರ ಆ್ಯಕ್ಸೆಸ್ ಪೋರ್ಟ್, ಅಂದರೆ ಒಂದೇ ವಿಲ್ಯಾನ್‌ಗೆ ಸೇರಿದ ಪೋರ್ಟ್. ಎರಡು ಕೇಬಲ್‌ಗಳನ್ನು ಎಲ್‌ಎಸಿಪಿ ಎಂಬ ಜೋಡಣಾ ವಿಧಾನದ ಮೂಲಕ ಒಂದಾಗಿಸುವುದಾದರೆ ಸ್ವಿಚ್‌ನ ಕಡೆಯೂ ಅದೇ ಗುಂಪು ರಚನೆಯಾಗಿರಬೇಕು. ಒಂದು ದುಡಿದು ಇನ್ನೊಂದು ಕಾಯುವ ವಿಧಾನಕ್ಕೆ ಗುಂಪು ಬೇಡ. ಸ್ವಿಚ್‌ಗಳ ನಡುವೆ ದತ್ತಾಂಶ ಸುತ್ತುತ್ತಲೇ ಇರದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ವಿಧಾನದಲ್ಲಿ ಪೋರ್ಟ್ ತೆರೆದುಕೊಳ್ಳಲು 30 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ನೆಟ್‌ವರ್ಕ್ ಬೂಟ್ ಸೋತು ಹೋಗಬಹುದು. ಆದ್ದರಿಂದ ಸರ್ವರ್ ಪೋರ್ಟ್‌ಗಳನ್ನು ಕಾಯದೆ ಕೂಡಲೇ ತೆರೆದುಕೊಳ್ಳುವ ಎಡ್ಜ್ ಪೋರ್ಟ್‌ಗಳೆಂದು ಗುರುತಿಸಿ, ತಪ್ಪಿ ಅಲ್ಲಿ ಇನ್ನೊಂದು ಸ್ವಿಚ್ ಸಿಕ್ಕಿಸಿದರೆ ಪೋರ್ಟನ್ನು ಮುಚ್ಚುವ ಬಿಪಿಡಿಯು ಗಾರ್ಡನ್ನೂ ಹಾಕಿ. ಗೋದಾಮಿಗೂ ಕಚೇರಿಗೂ ನಡುವೆ ತಾಮ್ರದ ಕೇಬಲ್ ಇದ್ದರೆ ಈ ಸಂದರ್ಭದಲ್ಲೇ ಫೈಬರ್‌ಗೆ ಬದಲಿಸಿ. ಮಲೆನಾಡಿನ ಸಿಡಿಲಿಗೆ ಅದೇ ತಕ್ಕ ಉಪಾಯ.

ಕೊಯ್ಲಿನ ತಿಂಗಳುಗಳಲ್ಲಿ ಲಾರಿಗಳು ವೇಬ್ರಿಡ್ಜ್ ಮುಂದೆ ಸಾಲುಗಟ್ಟಿರುವಾಗ ಈ ಬದಲಾವಣೆಗೆ ಕೈಹಾಕಬೇಡಿ. ತೂಕದ ಕೆಲಸ ಮುಗಿದ ಮೇಲೆ ಮಾಡಿ. ಸಿಸ್ಕೋ ಸ್ವಿಚ್‌ನಲ್ಲಿ, ಈಗಾಗಲೇ ಬಳಕೆಯಲ್ಲಿರುವ ಟ್ರಂಕ್‌ಗೆ ಹೊಸ ವಿಲ್ಯಾನ್ ಸೇರಿಸುವ ಆದೇಶದಲ್ಲಿ ‘ಆ್ಯಡ್’ ಎಂಬ ಪದ ಬಿಟ್ಟರೆ ಹಳೆಯ ಪಟ್ಟಿ ಪೂರ್ತಿ ಅಳಿದು ಹೊಸ ಸಂಖ್ಯೆಯೊಂದೇ ಉಳಿಯುತ್ತದೆ. ನೀವು ಅದೇ ಟ್ರಂಕ್ ಮೂಲಕ ಬೆಂಗಳೂರಿನಿಂದ ಕೆಲಸ ಮಾಡುತ್ತಿದ್ದರೆ ಆ ಕ್ಷಣವೇ ಸಂಪರ್ಕ ಕಡಿಯುತ್ತದೆ. ಇದಕ್ಕಾಗಿ ಹಳೆಯ ಕಾನ್ಫಿಗರೇಶನ್ ಉಳಿಸಿ, 10 ನಿಮಿಷದ ನಂತರ ಸ್ವಿಚ್ ತಾನಾಗಿ ಮರುಪ್ರಾರಂಭವಾಗುವಂತೆ ಹೊಂದಿಸಿ, ಆಮೇಲೆ ಬದಲಾವಣೆ ಮಾಡಿ; ದಾರಿ ತಪ್ಪಿದರೆ ಹಳೆಯ ಸ್ಥಿತಿ ಮರಳುತ್ತದೆ.

ಸರ್ವರ್ ಜೋಡಿಸಿದ ಬಳಿಕ ತಲುಪಬೇಕಾದದ್ದು ತಲುಪುತ್ತಿದೆಯೇ ಎಂದಷ್ಟೇ ನೋಡಿದರೆ ಸಾಲದು. ಕ್ಯಾಮೆರಾ ವಿಭಾಗದ ಒಂದು ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಸರ್ವರ್‌ನ ನಿರ್ವಹಣಾ ವಿಳಾಸವನ್ನು ತೆರೆಯಲು ಪ್ರಯತ್ನಿಸಿ, ಅದು ತೆರೆಯಬಾರದು. ಎಲ್ಲವೂ ಸರಿ ಇದ್ದರೆ ಮರುಪ್ರಾರಂಭವನ್ನು ರದ್ದುಮಾಡಿ, ಕೂಡಲೇ ಕಾನ್ಫಿಗರೇಶನ್ ಉಳಿಸಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಾಗ, ಉಳಿಸದ ಬದಲಾವಣೆ ಒಂದೂ ಸ್ವಿಚ್‌ನಲ್ಲಿರುವುದಿಲ್ಲ. ಉಳಿಸಿದ ಕಾನ್ಫಿಗರೇಶನ್ನಿನ ಒಂದು ಪ್ರತಿ ಬೇರೆ ಕಂಪ್ಯೂಟರಿನಲ್ಲಿಯೂ, ಪೋರ್ಟ್‌ಗಳ ಕೋಷ್ಟಕದ ಮುದ್ರಿತ ಪ್ರತಿ ರ‍್ಯಾಕ್‌ನ ಬಾಗಿಲಿನ ಒಳಬದಿಯಲ್ಲಿಯೂ ಇರಲಿ.