ಸ್ಕೀ ಎಷ್ಟು ಉದ್ದ, ಬೈಂಡಿಂಗ್ ಎಲ್ಲಿ? ಕೊಳ್ಳುವ ಮೊದಲು ಮನೆಯಲ್ಲೇ ಅಳೆದು ನೋಡಿ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಗಲ್ಫ್‌ನಲ್ಲಿ ಯಾರೂ ಇಲ್ಲದ ಮನೆ ಅಪರೂಪ. ದುಬೈಯ ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ 2005ರಲ್ಲಿ ಒಳಾಂಗಣ ಹಿಮದ ಇಳಿಜಾರು ಆರಂಭವಾದ ಮೇಲೆ, ಹಿಮವನ್ನೇ ಕಾಣದ ನಮ್ಮ ಕರಾವಳಿಯವರಿಗೂ ಹಿಮದ ಮೇಲೆ ಜಾರಿ ಇಳಿಯುವ ಉದ್ದ ಪಟ್ಟಿಗಳಾದ ಸ್ಕೀಗಳನ್ನು ಕಾಲಿಗೆ ಕಟ್ಟಿಕೊಳ್ಳುವ ಅವಕಾಶ ಸಿಕ್ಕಿತು. ಅಲ್ಲಿ ರುಚಿ ಹತ್ತಿದವರು ರಜೆಗೆ ಬಂದಾಗ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಎಂದು ಹೊರಡುತ್ತಾರೆ. ಬಾಡಿಗೆಯ ಸ್ಕೀ ಸಾಲದು, ಸ್ವಂತದ್ದು ಬೇಕು ಎನಿಸಿದಾಗ ತೊಡಕು ಶುರುವಾಗುತ್ತದೆ. ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಹತ್ತಿರದಲ್ಲಿ ಅಂಗಡಿಯಿಲ್ಲ. ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲವೇ ಊರಿಗೆ ಬರುವ ಅಣ್ಣನೋ ಭಾವನೋ ಬಳಸಿದ ಜೋಡಿಯನ್ನು ಹೊತ್ತು ತರಬೇಕು. ಒಂದು ಅಳತೆಪಟ್ಟಿ, ಒಂದು ಪೆನ್ಸಿಲ್, ಅರ್ಧ ಗಂಟೆಯ ತಾಳ್ಮೆ ಇದ್ದರೆ ಸ್ಕೀಯ ಉದ್ದ, ಬೈಂಡಿಂಗ್ (ಬೂಟನ್ನು ಸ್ಕೀಗೆ ಕಚ್ಚಿಸಿ ಹಿಡಿಯುವ ಸಾಧನ) ಕೂರುವ ಜಾಗ, ಈ ಆಯ್ಕೆಯ ಬಹುಪಾಲನ್ನು ಮನೆಯಲ್ಲೇ ಸರಿಯಾಗಿ ಮಾಡಬಹುದು.

ಇಲ್ಲಿ ಹೇಳುತ್ತಿರುವುದು ಆಲ್-ಮೌಂಟನ್ ಸ್ಕೀಗಳ ಬಗ್ಗೆ. ಯಂತ್ರದಿಂದ ಹದಮಾಡಿದ ಗಟ್ಟಿ ಹಿಮದಲ್ಲೂ, ಅದರ ಅಂಚಿನಾಚೆಯ ಸಡಿಲ ಹಿಮದಲ್ಲೂ ನಡೆಯುವಂಥವು ಇವು. ಇಂಥ ಒಂದೊಂದು ಸ್ಕೀಯ ನಡುಭಾಗದ ಅಗಲ ಸಾಮಾನ್ಯವಾಗಿ 80ರಿಂದ 100 ಮಿಲಿಮೀಟರ್.

ಮೊದಲು ಉದ್ದ

ಗೋಡೆಗೆ ಬೆನ್ನು ತಾಗಿಸಿ ಬರಿಗಾಲಿನಲ್ಲಿ ನಿಲ್ಲಿ. ಮನೆಯವರಿಂದ ಗದ್ದ, ಮೂಗು, ನೆತ್ತಿಯ ಎತ್ತರಗಳನ್ನು ಗುರುತು ಹಾಕಿಸಿಕೊಂಡು ನೆಲದಿಂದ ಸೆಂಟಿಮೀಟರಿನಲ್ಲಿ ಅಳೆಯಿರಿ. ಈಗಷ್ಟೇ ಕಲಿಯುತ್ತಿರುವವರಿಗೆ ಗದ್ದದ ಮಟ್ಟದ ಸ್ಕೀ ಸಾಕು. ಎರಡೂ ಸ್ಕೀಗಳನ್ನು ಸಮಾನಾಂತರವಾಗಿಟ್ಟು ಧೈರ್ಯವಾಗಿ ತಿರುಗಬಲ್ಲವರು ಮೂಗಿನಿಂದ ಹಣೆಯವರೆಗಿನ ಉದ್ದವನ್ನು ನೋಡಬೇಕು. ವೇಗವಾಗಿ, ಬಲವಾಗಿ ಇಳಿಯುವವರು ನೆತ್ತಿಯ ಮಟ್ಟಕ್ಕೆ, ಅದಕ್ಕಿಂತ ತುಸು ಮೇಲಕ್ಕೂ ಹೋಗಬಹುದು.

ಇದು ಆರಂಭದ ಅಂದಾಜು ಮಾತ್ರ. ಎತ್ತರವನ್ನೊಂದೇ ಇಟ್ಟುಕೊಂಡು ಮಾಡಿದ ಪಟ್ಟಿಗಳನ್ನು ನಾನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಸ್ಕೀ ಬಾಗುವುದು ಭಾರಕ್ಕೆ. 172 ಸೆಂಟಿಮೀಟರ್ ಎತ್ತರದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರ ತೂಕ 62 ಕಿಲೋ, ಇನ್ನೊಬ್ಬರದು 85. ಇಬ್ಬರ ಮೂಗೂ ಸುಮಾರು 160ರ ಹತ್ತಿರವೇ ಬರುತ್ತದೆ. ಕಂಪನಿಯಲ್ಲಿ 164 ಮತ್ತು 172 ಎಂಬ ಎರಡು ಅಳತೆಗಳಿದ್ದರೆ ಮೊದಲನೆಯವರಿಗೆ 164 ಹಿತವಾಗುತ್ತದೆ. ಎರಡನೆಯವರು ಅದನ್ನೇ ಕೊಂಡರೆ ವೇಗ ಹೆಚ್ಚಿದಾಗ ಸ್ಕೀ ನಡುಗುತ್ತದೆ, ಸಡಿಲ ಹಿಮದಲ್ಲಿ ಹೂತುಹೋಗುತ್ತದೆ. ಅವರಿಗೆ 172 ಬೇಕು.

ಮುಂದಿನದು ಆಕಾರ. ಜೋಡಿಯ ಎರಡೂ ತಳಗಳನ್ನು ಒಂದಕ್ಕೊಂದು ತಾಗಿಸಿ, ಒತ್ತದೆ ಹಿಡಿದು, ಪಕ್ಕದಿಂದ ನೋಡಿ. ನಡುವೆ ಬೆಳಕು ತೂರುವಷ್ಟು ಸಂದು ಕಂಡರೆ ಅದು ಕ್ಯಾಂಬರ್, ಅಂದರೆ ನಡುಭಾಗ ಕಮಾನಿನಂತೆ ಮೇಲಕ್ಕೆ ಬಾಗಿದೆ. ಮೂತಿಯ (ಮುಂದಿನ ತುದಿಯ) ಬಳಿ, ಕೆಲವೊಮ್ಮೆ ಬಾಲದ (ಹಿಂದಿನ ತುದಿಯ) ಬಳಿಯೂ, ಎರಡು ಸ್ಕೀಗಳು ಬೇಗನೆ ದೂರ ಸರಿದರೆ ಅದು ರಾಕರ್. ರಾಕರ್ ಹೆಚ್ಚಿದ್ದಷ್ಟೂ ಗಟ್ಟಿ ಹಿಮಕ್ಕೆ ತಾಗುವ ಲೋಹದ ಅಂಚು ಕಡಿಮೆ. 172 ಎಂದು ಬರೆದಿದ್ದರೂ ಕಾಲಿಗೆ ಅದಕ್ಕಿಂತ ಗಿಡ್ಡವಾದ ಸ್ಕೀಯಂತೆ ಭಾಸವಾಗುತ್ತದೆ. ಹೀಗಾಗಿ ಮೂತಿಯಲ್ಲೂ ಬಾಲದಲ್ಲೂ ಚೆನ್ನಾಗಿ ರಾಕರ್ ಇರುವ ಸ್ಕೀ ಕೊಳ್ಳುವಾಗ 5 ಸೆಂಟಿಮೀಟರಿನಷ್ಟು ಉದ್ದದ್ದನ್ನು ತೆಗೆದುಕೊಂಡರೆ ಹೆದರಬೇಕಾಗಿಲ್ಲ.

ಎಲ್ಲಿ ಇಳಿಯುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ದುಬೈಯ ಒಳಾಂಗಣದಲ್ಲಿ ಅತಿ ಉದ್ದದ ಇಳಿಜಾರು 400 ಮೀಟರ್. ಹಿಮ ಗಟ್ಟಿ, ಜನ ಹತ್ತಿರ, ತಿರುವುಗಳು ಚಿಕ್ಕವು. ಅಲ್ಲಿ ಗಿಡ್ಡ ಸ್ಕೀ ಚುರುಕಾಗಿರುತ್ತದೆ. ಗುಲ್ಮಾರ್ಗ್‌ನ ಗೊಂಡೊಲಾ (ರೋಪ್‌ವೇ) ಅಫರ್ವತ್ ಬೆಟ್ಟದಲ್ಲಿ 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಹೊಸ ಹಿಮ ಬಿದ್ದ ದಿನ ಅಲ್ಲಿ ಮೊಣಕಾಲವರೆಗೆ ಹೂತುಕೊಳ್ಳುವುದುಂಟು. ದುಬೈಯಲ್ಲಿ ಹಿತವೆನಿಸಿದ 156ನ್ನೇ ನಂಬಿ ಅಲ್ಲಿಗೆ ಹೋಗಬೇಡಿ. ಔಲಿಯಲ್ಲಿ ಕಲಿಕೆಯ ಕೋರ್ಸ್‌ಗೆ ಸೇರುವವರು ಮಾತ್ರ ಸ್ಕೀ ಕೊಳ್ಳುವ ಆತುರವನ್ನೇ ಮಾಡಬೇಕಾಗಿಲ್ಲ.

ಬೈಂಡಿಂಗ್ ಕೂರುವ ಜಾಗ

ಉದ್ದವನ್ನು ಎಲ್ಲರೂ ಕೇಳುತ್ತಾರೆ, ಬೂಟು ಸ್ಕೀಯ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಅಡಿಕೆ ತೋಟದಲ್ಲಿ ದೋಟಿ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೋಟಿ ಅದೇ, ಉದ್ದ ಅದೇ, ಹಿಡಿತವನ್ನು ಒಂದು ಗೇಣು ಸರಿಸಿದರೆ ತುದಿಯ ಭಾರವೇ ಬೇರೆ. ಸ್ಕೀಯಲ್ಲಿ ಗೇಣಿನಷ್ಟೂ ಬೇಡ, ಒಂದು ಸೆಂಟಿಮೀಟರ್ ಸರಿದರೂ ಕಾಲಿಗೆ ಗೊತ್ತಾಗುತ್ತದೆ.

ಸ್ಕೀಯ ಮೇಲ್ಮೈಯಲ್ಲೋ ಪಕ್ಕದಲ್ಲೋ ತಯಾರಕರು ಹಾಕಿದ ಸಣ್ಣ ಗೆರೆ ಇರುತ್ತದೆ. ಬೂಟಿನ ಕೆಳಭಾಗದ ಪಕ್ಕದಲ್ಲಿಯೂ ಅಟ್ಟೆಯ ನಡುವನ್ನು ತೋರಿಸುವ ಗುರುತು ಇರುತ್ತದೆ. ಇವೆರಡೂ ಒಂದೇ ನೇರಕ್ಕೆ ಬರಬೇಕು.

ಈ ಗೆರೆ ಸ್ಕೀಯ ನಟ್ಟನಡುವೆ ಇರುವುದಿಲ್ಲ. ಬಾಲದ ತುದಿಯಿಂದ ಮೂತಿಯ ತುದಿಗೆ ಪಟ್ಟಿಯನ್ನು ಬಾಗಿಸದೆ ನೇರವಾಗಿ ಎಳೆದು ಅಳೆಯಿರಿ. 172ರ ಸ್ಕೀ 170.6 ಎಂದು ತೋರಿಸಿದರೆ ಗಾಬರಿಯಾಗಬೇಡಿ, ಅಳೆಯುವ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಅದರ ಅರ್ಧ 85.3. ಬಾಲದಿಂದ ಗೆರೆಗೆ 76.3 ಬಂದರೆ ಗೆರೆ ನಡುವಿನಿಂದ 9 ಸೆಂಟಿಮೀಟರ್ ಹಿಂದಿದೆ ಎಂದಾಯಿತು. ಹಳೆಯ ಶೈಲಿಯ, ಮುಂದಕ್ಕೆ ಬಾಗಿ ಅಂಚಿನ ಮೇಲೆ ಇಳಿಯುವವರ ಆಲ್-ಮೌಂಟನ್ ಸ್ಕೀಗಳಲ್ಲಿ ಇದು 9ರಿಂದ 12ರವರೆಗೆ ಇರುತ್ತದೆ. ಆಟವಾಡುವ ಸ್ವಭಾವದವುಗಳಲ್ಲಿ 5ರಿಂದ 8ರ ಸುತ್ತ. ಎರಡೂ ಸ್ಕೀಗಳನ್ನು ಅಳೆಯಿರಿ, ಗೆರೆಗಳು ಒಂದೇ ಕಡೆ ಇವೆಯೇ ಎಂಬುದೂ ಖಚಿತವಾಗುತ್ತದೆ.

ಬೈಂಡಿಂಗನ್ನು ಗೆರೆಯಿಂದ ಮುಂದಕ್ಕೆ ಸರಿಸಿದರೆ ತಿರುವು ಸುಲಭವಾಗಿ ಶುರುವಾಗುತ್ತದೆ, ಮರಗಳ ನಡುವೆ ಸ್ಕೀ ಬೇಗ ಹೊರಳುತ್ತದೆ. ಆದರೆ ಆಳದ ಹಿಮದಲ್ಲಿ ಮೂತಿ ಮುಳುಗುತ್ತದೆ. ಹಿಂದಕ್ಕೆ ಸರಿಸಿದರೆ ಮೂತಿ ತೇಲುತ್ತದೆ, ವೇಗದಲ್ಲಿ ಸ್ಥಿರತೆ ಬರುತ್ತದೆ, ತಿರುವಿಗೆ ಮಾತ್ರ ಹೆಚ್ಚು ಶ್ರಮ ಬೇಕು. ನನ್ನ ಸಲಹೆ: ಮೊದಲ ಜೋಡಿಗೆ ಗೆರೆಯ ಮೇಲೆಯೇ ಹಾಕಿಸಿ. ಸ್ಕೀ ತುಸು ಉದ್ದವಾಯಿತೆಂದು ಅನ್ನಿಸಿದವರು 1 ಸೆಂಟಿಮೀಟರ್ ಮುಂದೆ ಪ್ರಯತ್ನಿಸಬಹುದು. ಅದಕ್ಕಿಂತ ಹೆಚ್ಚು ಸರಿಸಬೇಕೆನಿಸಿದರೆ ಆ ಸ್ಕೀಯೇ ನಿಮಗೆ ಹೊಂದುತ್ತಿಲ್ಲ.

ಭಾವನ ಸ್ಕೀ, ನಿಮ್ಮ ಬೂಟು

ಬಳಸಿದ ಸ್ಕೀ ಕೈಗೆ ಬಂದಾಗ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಬೂಟಿನ ಹಿಮ್ಮಡಿಯ ಪಕ್ಕದಲ್ಲಿ 295, 305, 325 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಅದು ಅಟ್ಟೆಯ ಉದ್ದ, ಮಿಲಿಮೀಟರಿನಲ್ಲಿ. ಭಾವನ ಬೂಟು 325, ನಿಮ್ಮದು 295 ಎಂದುಕೊಳ್ಳಿ. ಹಲವು ಬೈಂಡಿಂಗ್‌ಗಳಲ್ಲಿ ಮುಂದಿನ ತುಂಡು ಸ್ಕ್ರೂಗಳಿಂದ ಭದ್ರವಾಗಿದ್ದು ಹಿಂದಿನ ತುಂಡು ಮಾತ್ರ ಸರಿಯುತ್ತದೆ. ಅದನ್ನು 30 ಮಿಲಿಮೀಟರ್ ಮುಂದೆ ತಂದರೆ ಬೂಟು ಕಚ್ಚಿಕೊಳ್ಳಬಹುದು, ಆದರೆ ಬೂಟಿನ ನಡುಗುರುತು ಗೆರೆಯಿಂದ 15 ಮಿಲಿಮೀಟರ್ ಮುಂದೆ ಹೋಗಿ ಕೂರುತ್ತದೆ. ಭಾವ ಹೊಗಳಿದ ಸ್ಕೀ ನಿಮ್ಮ ಕಾಲಲ್ಲಿ ಬೇರೆಯೇ ಆಗಿ ವರ್ತಿಸಿದರೆ ಕಾರಣ ಇದೇ ಇರಬಹುದು. ಆದ್ದರಿಂದ ಹಣ ಕೊಡುವ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಈ ಸಂಖ್ಯೆಯ ಫೋಟೊ ಕೇಳಿ ತರಿಸಿಕೊಳ್ಳಿ. ಎರಡೂ ತುಂಡುಗಳು ಹಳಿಯ ಮೇಲೆ ಸರಿಯುವ ಬೈಂಡಿಂಗ್ ಇದ್ದರೆ ಚಿಂತೆಯಿಲ್ಲ. ಎರಡನ್ನೂ 295ಕ್ಕೆ ತಂದರೆ ನಡುಗುರುತು ಗೆರೆಗೆ ಹೊಂದುತ್ತದೆ. ಮನೆಯಲ್ಲಿ ಇಬ್ಬರು ಮೂವರು ಒಂದೇ ಜೋಡಿಯನ್ನು ಬಳಸುವುದಾದರೆ ತುಸು ಭಾರವಾದರೂ ಇಂಥದ್ದನ್ನೇ ಹುಡುಕಿ.

ಬೂಟಿನ ಅಟ್ಟೆಯೂ ಬೈಂಡಿಂಗೂ ಒಂದೇ ಮಾನದಂಡದವೇ ಎಂದೂ ನೋಡಬೇಕು. ಸಾಂಪ್ರದಾಯಿಕ ಆಲ್ಪೈನ್ ಅಟ್ಟೆ ಐಎಸ್ಒ 5355, ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಐಎಸ್ಒ 23223. ಗ್ರಿಪ್‌ವಾಕ್ ಬೂಟನ್ನು ಅದಕ್ಕೆ ಹೊಂದದ ಹಳೆಯ ಬೈಂಡಿಂಗ್‌ನಲ್ಲಿ ಸಿಕ್ಕಿಸಿದರೆ ಬಿದ್ದಾಗ ಸರಿಯಾಗಿ ಬಿಡಿಸಿಕೊಳ್ಳುವ ಭರವಸೆಯಿಲ್ಲ. ಬೂಟು ಕಳಚಿದಾಗ ಸ್ಕೀ ಜಾರಿಹೋಗದಂತೆ ತಡೆಯುವ ಬೈಂಡಿಂಗಿನ ಬ್ರೇಕಿನ ಅಗಲ ಸ್ಕೀಯ ನಡುಭಾಗದ ಅಗಲಕ್ಕಿಂತ ಕಡಿಮೆಯಿರಬಾರದು. 15 ಮಿಲಿಮೀಟರಿನವರೆಗೆ ಹೆಚ್ಚಿದ್ದರೆ ತೊಂದರೆಯಿಲ್ಲ.

ತೂತು ಕೊರೆಯುವುದು

ನಮ್ಮ ಬಡಗಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೂ ಬೈಂಡಿಂಗಿನ ಸ್ಕ್ರೂಗಳಿಗೆ ಸ್ಕೀಯಲ್ಲಿ ತೂತು ಕೊರೆಯುವ ಈ ಕೆಲಸವನ್ನು ಅವರಿಗೆ ಒಪ್ಪಿಸಬೇಡಿ. ಸ್ಕೀಯ ಮೇಲೆಯೇ 3.6 × 9 ಅಥವಾ 4.1 × 9 ಎಂದು ಅಚ್ಚಾಗಿರುತ್ತದೆ: ಡ್ರಿಲ್ ಬಿಟ್ಟಿನ ವ್ಯಾಸ ಮತ್ತು ತೂತಿನ ಆಳ, ಮಿಲಿಮೀಟರಿನಲ್ಲಿ. ಒಳಗೆ ಲೋಹದ ಪದರವಿದ್ದರೆ 4.1 ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 3.5 ಮತ್ತು 4. ಆಳ ತುಸು ಮೀರಿದರೆ ತಳವೇ ಉಬ್ಬುತ್ತದೆ. ಅಂಗಡಿಯವರು ಆಯಾ ಬೈಂಡಿಂಗ್‌ಗೆಂದೇ ಮಾಡಿದ ಜಿಗ್ (ತೂತಿನ ಜಾಗ ತೋರಿಸುವ ಅಚ್ಚು) ಇಟ್ಟು ಕೊರೆಯುತ್ತಾರೆ, ತೂತಿಗೆ ಅಂಟು ಹಾಕಿ ಸ್ಕ್ರೂ ಬಿಗಿಯುತ್ತಾರೆ. ಜಾಗ ಬದಲಿಸಬೇಕಾದರೆ ಹೊಸ ತೂತಿಗೂ ಹಳೆಯದಕ್ಕೂ ಸುಮಾರು 1 ಸೆಂಟಿಮೀಟರ್ ಅಂತರವಿರಬೇಕು. ಕೊಳ್ಳುವಾಗಲೇ, ದುಬೈಯಲ್ಲೋ ಇನ್ನೆಲ್ಲೋ, ಬೂಟನ್ನು ಜೊತೆಗೊಯ್ದು ಹಾಕಿಸಿಕೊಂಡು ಬನ್ನಿ.

ಬಿದ್ದಾಗ ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕೆಂಬ ಡಿನ್ ಅಂಕಿಯನ್ನೂ ಅಲ್ಲಿಯೇ ಹೊಂದಿಸಬೇಕು. ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ನೀವು ಇಳಿಯುವ ರೀತಿ, ಈ ಐದನ್ನೂ ನಿಜವಾಗಿ ಹೇಳಿ. ಐವತ್ತು ದಾಟಿದವರಿಗೆ ಅಂಕಿ ಇಳಿಯುತ್ತದೆ. ಬಿಗಿಯಾಗಿದ್ದರೆ ಸುರಕ್ಷಿತ ಎಂದು ತೂಕವನ್ನು ಹೆಚ್ಚಿಸಿ ಹೇಳಿದರೆ ಬಿದ್ದಾಗ ಸ್ಕೀ ಬಿಡದೆ ಕಾಲಿನ ಮೂಳೆಯೇ ಮುರಿದೀತು.

ಊರಿಗೆ ತಂದ ಮೇಲೆ ನಮ್ಮ ಮಳೆಗಾಲದ ತೇವ ಉಕ್ಕಿನ ಅಂಚುಗಳಿಗೆ ತುಕ್ಕು ಹಿಡಿಸದೆ ಬಿಡುವುದಿಲ್ಲ. ಮೇ ತಿಂಗಳೊಳಗೆ ಚೆನ್ನಾಗಿ ಒರೆಸಿ ಒಣಗಿಸಿ, ತಳಕ್ಕೂ ಅಂಚಿಗೂ ಸ್ಕೀ ಮೇಣವನ್ನು ದಪ್ಪವಾಗಿ ಬಳಿದು, ಹಂಚಿನ ಕೆಳಗಿನ ಅಟ್ಟವನ್ನು ಬಿಟ್ಟು ಗಾಳಿಯಾಡುವ ಕೋಣೆಯಲ್ಲಿ ಇಡಿ. ಮತ್ತೆ ಹೊರಡುವ ಮೊದಲು ಆ ಮೇಣವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು.