ಬೆಳಚು ಯಾವ ಅಳಿವೆಯದು? ಬ್ಯಾಕ್ಟೀರಿಯಾ ಸಮುದಾಯದಿಂದ ಮೂಲ ಪತ್ತೆ ಮಾಡಿದ ನನ್ನ ಅನುಭವ

ಹುಬ್ಬಳ್ಳಿಯ ಮಾರುಕಟ್ಟೆಗೆ ಬರುವ ಸಮುದ್ರಾಹಾರದ ಮೂಲವನ್ನು ಯಾರಾದರೂ ವಿಚಾರಿಸಿದಾಗ, ಅದಕ್ಕೆ ಸೂಕ್ಷ್ಮಜೀವಿಗಳ ಪರೀಕ್ಷೆ ನಿಜಕ್ಕೂ ಬೇಕೇ ಎಂದು ನಾನು ಮೊದಲು ನೋಡುತ್ತೇನೆ. ಆಂಧ್ರದ ಹೊಂಡಗಳಲ್ಲಿ ಸಾಕಿದ ವನ್ನಾಮಿ ಸಿಗಡಿಯನ್ನು ಕಾರವಾರದ ಸಮುದ್ರದ ಸಿಗಡಿ ಎಂದು ಮಾರಿದ್ದರೆ ಅದರ ಜಾತಿಯನ್ನು ಗುರುತಿಸಿದರೆ ಸಾಕು. ವನ್ನಾಮಿ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯಿಂದ ತಂದು ಸಾಕಿದ ಸಿಗಡಿ. ಒಂದೇ ಜಾತಿಯ ಪ್ರಾಣಿ ಎರಡು ಬೇರೆ ನೀರಿನಿಂದ ಬಂದಾಗ ಮಾತ್ರ ತೊಡಕು. ಬೆಳಚು ಎಂಬ ಎರಡು ಚಿಪ್ಪಿನ ಜೀವಿಯನ್ನೇ ನೋಡಿ: ಕಾರವಾರದ ಕಾಳಿ ಅಳಿವೆಯ (ನದಿ ಸಮುದ್ರ ಸೇರುವ ಜಾಗದ) ಬೆಳಚು, ಕುಮಟಾ ಬಳಿಯ ಅಘನಾಶಿನಿಯ ಬೆಳಚು ಜಾತಿಪರೀಕ್ಷೆಯಲ್ಲಿ ಒಂದೇ ಉತ್ತರ ಕೊಡುತ್ತವೆ. ಆದರೆ ಚಿಪ್ಪುಜೀವಿ ತಾನಿದ್ದ ನೀರನ್ನು ಸದಾ ಸೋಸುತ್ತ ಅದರ ಬ್ಯಾಕ್ಟೀರಿಯಾಗಳನ್ನೂ ಕೊಳೆಯನ್ನೂ ಒಡಲಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ, ತಿನ್ನುವವರ ಆರೋಗ್ಯದ ದೃಷ್ಟಿಯಿಂದ ಅದರ ಮೂಲ ಮುಖ್ಯವಾಗುತ್ತದೆ, ಮೂಲವನ್ನು ಹುಡುಕುವ ದಾರಿಯೂ ಅಲ್ಲಿಯೇ ಸಿಗುತ್ತದೆ.

ಪೋರ್ಚುಗಲ್‌ನ ಅವೇರೊ ಮತ್ತು ಇಟಲಿಯ ವೆನಿಸ್ ಹಿನ್ನೀರುಗಳ ಚಿಪ್ಪುಜೀವಿಗಳ ಮೇಲೆ ಇಂಥ ಕೆಲಸ ಮೊದಲೇ ನಡೆದಿತ್ತು. ನಮ್ಮ ಎರಡು ನದಿಗಳ ವ್ಯತ್ಯಾಸವೂ ಅನುಕೂಲಕರವಾಗಿತ್ತು: ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಸಿಹಿನೀರು ಬಂದು ಸೇರುವ ಕಾಲವೂ ಪ್ರಮಾಣವೂ ಬೇರೆಯಾದ್ದರಿಂದ ಉಪ್ಪಿನಂಶ ಬೇರೆ, ಅದನ್ನು ಅವಲಂಬಿಸಿ ಬಾಳುವ ಬ್ಯಾಕ್ಟೀರಿಯಾಗಳೂ ಬೇರೆ.

ಸಮುದ್ರದಿಂದ ಇಷ್ಟು ದೂರದ ಧಾರವಾಡದಲ್ಲಿ ಕುಳಿತು ಈ ಕೆಲಸ ಮಾಡುವವರಿಗೆ ನಡುವಿನ ದಾರಿಯೇ ದೊಡ್ಡ ಸಮಸ್ಯೆ. ಅರಬೈಲು ಘಟ್ಟ ಹತ್ತಿ ಬರುವಷ್ಟರಲ್ಲಿ ಗೋಣಿಚೀಲದ ತೇವ, ಮುಟ್ಟಿದವರ ಕೈ, ವಾಹನದ ಕಾವು, ಇಲ್ಲಿ ಬಂದ ಮೇಲೆ ಸುರಿಯುವ ಮಂಜುಗಡ್ಡೆ ಎಲ್ಲವೂ ತಮ್ಮ ತಮ್ಮ ಬ್ಯಾಕ್ಟೀರಿಯಾಗಳನ್ನು ಸೇರಿಸುತ್ತವೆ. ಮಂಜುಗಡ್ಡೆಯಲ್ಲಿಟ್ಟ ಮಾಂಸದ ಮೇಲೆ ಶೆವಾನೆಲ್ಲಾ, ಸ್ಯೂಡೊಮೋನಾಸ್‌ನಂಥ ಚಳಿ ತಡೆಯುವ ಬ್ಯಾಕ್ಟೀರಿಯಾಗಳು ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತವೆ. ಆದ್ದರಿಂದ ಇಳಿತದ ವೇಳೆ ಬೆಳಚು ತೆಗೆಯುವವರ ಜೊತೆ ನಾನೇ ಅಳಿವೆಗೆ ಇಳಿದು, ಒಂದು ಭಾಗವನ್ನು ಅಲ್ಲಿಯೇ ಕತ್ತರಿಸಿ, ಕಿವಿರನ್ನೂ ಜೀರ್ಣಗ್ರಂಥಿಯನ್ನೂ ಬೇರೆ ಬೇರೆ ನಳಿಕೆಗಳಲ್ಲಿ ಶುದ್ಧ ಎಥನಾಲಿನಲ್ಲಿ ಮುಳುಗಿಸಿದೆ. ಅದೇ ರಾಶಿಯ ಇನ್ನೊಂದು ಭಾಗವನ್ನು ವ್ಯಾಪಾರಿಗಳು ಸಾಗಿಸುವಂತೆಯೇ ಚೀಲದಲ್ಲಿ ಹುಬ್ಬಳ್ಳಿಗೆ ಕಳಿಸಿ, ಇಲ್ಲಿ ಬಿಚ್ಚಿ ಮಾದರಿ ತೆಗೆದೆ. ಚೀಲವನ್ನೂ ಮಂಜುಗಡ್ಡೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದೆ. ಎರಡು ಭಾಗಗಳನ್ನು ಹೋಲಿಸಿದಾಗ ದಾರಿಯಲ್ಲಿ ಸೇರಿಕೊಂಡವು ಯಾವುವು ಎಂಬುದು ತಿಳಿಯಿತು. ಅವನ್ನು ಮುಂದಿನ ಲೆಕ್ಕದಿಂದ ಕೈಬಿಟ್ಟೆ. ಕಿವಿರಿನ ಸಮುದಾಯ ದಾರಿಯಲ್ಲಿ ಬಹಳ ಬದಲಾಗಿತ್ತು, ಜೀರ್ಣಗ್ರಂಥಿಯದು ಅಷ್ಟಾಗಿ ಬದಲಾಗಿರಲಿಲ್ಲ. ಚಿಪ್ಪು ಬಿಗಿಯಾಗಿ ಮುಚ್ಚಿದ ಜೀವಂತ ಬೆಳಚನ್ನು ಮಾತ್ರ ನಾನು ಪರೀಕ್ಷೆಗೆ ಒಪ್ಪಿಕೊಳ್ಳುತ್ತೇನೆ. ಬಿಡಿಸಿ ತೊಳೆದ ಮಾಂಸವನ್ನು ತಂದು ಮೂಲ ಹೇಳಿ ಎಂದರೆ, ತೊಳೆದ ನಲ್ಲಿಯ ಗುರುತು ಹೇಳಬಹುದೇನೋ.

ಪ್ರಯೋಗಾಲಯದ ಕೆಲಸ ಈಗ ಎಲ್ಲೆಡೆ ರೂಢಿಯಲ್ಲಿರುವಂಥದ್ದೇ: ಡಿಎನ್‌ಎ ಬೇರ್ಪಡಿಸುವುದು, ಬ್ಯಾಕ್ಟೀರಿಯಾಗಳನ್ನು ಗುರುತಿಸಲು ನೆರವಾಗುವ 16ಎಸ್ ವಂಶವಾಹಿಯ ವಿ3–ವಿ4 ಭಾಗವನ್ನು ಪಿಸಿಆರ್‌ನಲ್ಲಿ ನಕಲು ಮಾಡಿ ಹೆಚ್ಚಿಸುವುದು, ಅನುಕ್ರಮ ಓದಿಸಲು ಬೆಂಗಳೂರಿಗೆ ಕಳಿಸುವುದು. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಬೆಳಚು ಪಾಚಿ ತಿನ್ನುವುದರಿಂದ ಪಾಚಿಯ ಕ್ಲೋರೋಪ್ಲಾಸ್ಟ್‌ಗಳ (ಹರಿತ್ತನ್ನು ಹೊತ್ತ ಕಣಗಳ) 16ಎಸ್ ಅನುಕ್ರಮಗಳು ಬ್ಯಾಕ್ಟೀರಿಯಾಗಳ ನಡುವೆ ನುಸುಳುತ್ತವೆ, ಅವನ್ನು ಬೇರ್ಪಡಿಸಬೇಕು. ರಾಸಾಯನಿಕ ಕಿಟ್‌ಗಳಲ್ಲಿಯೇ ಅಲ್ಪಸ್ವಲ್ಪ ಬ್ಯಾಕ್ಟೀರಿಯಾ ಡಿಎನ್‌ಎ ಇರುವುದರಿಂದ ಖಾಲಿ ನಳಿಕೆಯನ್ನೂ ಕೊನೆಯ ಹಂತದವರೆಗೆ ಒಯ್ಯಬೇಕು.

ವರ್ಗೀಕರಣಕ್ಕೆ ರ್‍ಯಾಂಡಮ್ ಫಾರೆಸ್ಟ್ ವಿಧಾನವನ್ನು, ಅಂದರೆ ಮೂಲ ಗೊತ್ತಿರುವ ಮಾದರಿಗಳಿಂದ ಗಣಕ ಕಲಿತು ಹೊಸದರ ಮೂಲವನ್ನು ಊಹಿಸುವ ವಿಧಾನವನ್ನು, ಬಳಸಿದೆ. ಇದರಲ್ಲಿ ವಿಧಾನಕ್ಕಿಂತ ಪರೀಕ್ಷಿಸುವ ಕ್ರಮವೇ ದೊಡ್ಡದೆಂದು ನನ್ನ ಅಭಿಪ್ರಾಯ. ಒಂದೇ ದಿನ ಒಂದೇ ಜಾಗದಲ್ಲಿ ತೆಗೆದ ಬೆಳಚುಗಳು ಒಂದೇ ನೀರನ್ನು ಸೋಸಿರುತ್ತವೆ. ಅವುಗಳಲ್ಲಿ ಕೆಲವನ್ನು ಕಲಿಕೆಗೂ ಕೆಲವನ್ನು ಪರೀಕ್ಷೆಗೂ ಹಂಚಿದರೆ ಫಲಿತಾಂಶ ಬೆರಗಾಗುವಷ್ಟು ಚೆನ್ನಾಗಿ ಬರುತ್ತದೆ, ಆದರೆ ಗಣಕ ಕಲಿತಿರುವುದು ಆ ದಿನವನ್ನೇ ಹೊರತು ಅಳಿವೆಯನ್ನಲ್ಲ. ಆದಕಾರಣ ಒಂದು ದಿನದ ಸಂಗ್ರಹವನ್ನು ಇಡಿಯಾಗಿ ಹೊರಗಿಟ್ಟು, ಉಳಿದ ದಿನಗಳಿಂದ ಕಲಿಸಿ, ಹೊರಗಿಟ್ಟಿದ್ದನ್ನು ಗುರುತಿಸಲು ಹೇಳಬೇಕು. ಹೀಗೆ ಮಾಡಿದಾಗ ಅಂಕ ಇಳಿಯುತ್ತದೆ, ನಂಬಿಕೆ ಏರುತ್ತದೆ. ಮಳೆಗಾಲದಲ್ಲಿ ಅಳಿವೆಯ ಉಪ್ಪು ತೀರ ಕುಸಿಯುವುದರಿಂದ ಬೇಸಿಗೆಯ ಮಾದರಿಗಳನ್ನು ಇಟ್ಟುಕೊಂಡು ಮಳೆಗಾಲ ಮುಗಿದ ಹೊಸತರಲ್ಲಿ ಸಿಗುವ ಬೆಳಚನ್ನು ಅಳೆಯಲಾಗದು. ಋತುವಿಗೊಂದು ಆಕರಸಂಗ್ರಹ (ಮೂಲ ಗೊತ್ತಿರುವ ಮಾದರಿಗಳ ಸಂಗ್ರಹ) ಬೇಕಾಗುತ್ತದೆ.

ವರ್ಗೀಕರಣಕ್ಕೆ ಎರಡೇ ಅಳಿವೆ ಗೊತ್ತಿದ್ದರೆ ಮೂರನೆಯ ಕಡೆಯ ಬೆಳಚನ್ನೂ ಅದು ಆ ಎರಡರಲ್ಲೊಂದಕ್ಕೆ ಸೇರಿಸಿಬಿಡುತ್ತದೆ. ಮಾರುಕಟ್ಟೆಯಲ್ಲಿ "ಸರ್, ಇವು ಕುಮಟಾದಿಂದ ಬಂದಾವ್ರಿ" ಎಂದು ಕೊಟ್ಟ ಬೆಳಚು ನಿಜಕ್ಕೂ ಎಲ್ಲಿಯದೋ ಇರಬಹುದು, ಕೊಟ್ಟವರಿಗೂ ತಿಳಿಯದೆ ಇರಬಹುದು. ಅದಕ್ಕಾಗಿ ಒಂದು ಸಂಭವನೀಯತೆಯ ಮಿತಿಯನ್ನು ಗೊತ್ತುಮಾಡಿ, ಅದಕ್ಕಿಂತ ಕೆಳಗಿದ್ದರೆ "ನಮ್ಮ ಆಕರಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ" ಎಂದೂ, ಮೇಲಿದ್ದರೆ "ಕಾಳಿಯ ಈ ಋತುವಿನ ಮಾದರಿಗಳಿಗೆ ಹೊಂದುತ್ತದೆ" ಎಂದೂ ವರದಿ ಬರೆಯುತ್ತೇನೆ. ಹೊಂದದೆ ಉಳಿದ ಮಾದರಿಗಳ ಸಲುವಾಗಿ ಗೋವಾದ ಜುವಾರಿ, ಮಾಂಡವಿ ಅಳಿವೆಗಳ ಬೆಳಚನ್ನು ಈಗ ಆಕರಸಂಗ್ರಹಕ್ಕೆ ಸೇರಿಸುತ್ತಿದ್ದೇನೆ.