ಓಡದೆ ನಿಂತ ಗಾಡಿಯ ಟೈರುಗಳು: ಬಿರುಕಿನ ಬಗ್ಗೆ ನನ್ನ ಅನುಭವ

ನಾನು ನೋಡಿಕೊಳ್ಳುವ ಗಾಡಿಗಳಲ್ಲಿ ಹೆಚ್ಚಿನವು ಓಡುವುದಕ್ಕಿಂತ ನಿಂತಿರುವುದೇ ಜಾಸ್ತಿ. ತುರ್ತಿಗೆಂದು ಸಿದ್ಧವಾಗಿ ಇಟ್ಟ ವ್ಯಾನು, ಅಪರೂಪಕ್ಕೆ ಹೊರಡುವ ಟ್ರೇಲರು, ಜನರೇಟರ್ ಹೊತ್ತ ಇನ್ನೊಂದು ಟ್ರೇಲರು, ಒಂದು ಹಳೆಯ ಕಾರು. ಇವುಗಳ ಟೈರಿನ ಬಟನ್, ಅಂದರೆ ನೆಲ ಮುಟ್ಟುವ ಮೈಯ ಉಬ್ಬು ಅಚ್ಚು, ಸವೆಯುವುದೇ ಇಲ್ಲ. ಮೇಲಿಂದ ನೋಡಿದವರಿಗೆ ಹೊಸ ಟೈರಿನಂತೆಯೇ ಕಾಣುತ್ತದೆ. ಬಗ್ಗಿ ಪಕ್ಕೆ ನೋಡಿದರೆ ಮಾತ್ರ ಕೂದಲೆಳೆಯಂಥ ಸೀಳುಗಳು ಸಾಲಾಗಿ ಕಾಣುತ್ತವೆ. ದಿನವೂ ದುಡಿಯುವ ಗಾಡಿಯ ಟೈರು ಸವೆದು ಸಾಯುತ್ತದೆ, ನಿಂತ ಗಾಡಿಯದು ಸೀಳಿ ಸಾಯುತ್ತದೆ. ಇದು ಹೀಗೇಕೆ ಎಂದು ತಿಳಿದುಕೊಂಡ ಮೇಲೆ ನಾನು ಗಾಡಿ ನಿಲ್ಲಿಸುವ ರೀತಿಯೇ ಬೇರೆಯಾಯಿತು.

ಬಿಸಿಲಿನಿಂದ ಟೈರು ಒಣಗಿ ಒಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬಿಸಿಲಿಗೂ ಪಾಲಿದೆ, ಆದರೆ ಪಕ್ಕೆಯ ಬಿರುಕಿಗೆ ದೊಡ್ಡ ಕಾರಣ ನಾವು ಉಸಿರಾಡುವ ಗಾಳಿಯಲ್ಲೇ ಅತಿ ಸ್ವಲ್ಪ ಪ್ರಮಾಣದಲ್ಲಿ ಇರುವ ಓಝೋನ್. ರಬ್ಬರೆಂದರೆ ಉದ್ದುದ್ದ ಅಣುಸರಪಳಿಗಳ ರಾಶಿ. ಗಂಧಕ ಹಾಕಿ ಬೇಯಿಸಿದಾಗ ಆ ಸರಪಳಿಗಳ ನಡುವೆ ಅಡ್ಡ ಕೊಂಡಿ ಬೀಳುತ್ತವೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಆದರೆ ಟೈರಿಗೆ ಬಳಸುವ ನೈಸರ್ಗಿಕ ರಬ್ಬರಿನಲ್ಲೂ ಅದರ ಜೊತೆ ಸೇರಿಸುವ ಕೃತಕ ರಬ್ಬರಿನಲ್ಲೂ ಸರಪಳಿಯುದ್ದಕ್ಕೂ ಕಾರ್ಬನ್ನಿನ ಜೋಡಿ ಬಂಧಗಳು ಉಳಿದೇ ಇರುತ್ತವೆ. ಓಝೋನ್ ಬಂದು ಕತ್ತರಿಸುವುದು ಆ ಜಾಗದಲ್ಲೇ.

ಇಲ್ಲೊಂದು ಮುಖ್ಯ ಸಂಗತಿ ಇದೆ: ಎಳೆದು ಹಿಡಿದ ರಬ್ಬರು ಮಾತ್ರ ಹೀಗೆ ಸೀಳುತ್ತದೆ, ಅದೂ ಎಳೆತಕ್ಕೆ ಅಡ್ಡವಾಗಿ. ಇದನ್ನು ಕಣ್ಣಾರೆ ನೋಡಬೇಕೆಂದು ನಾನು ಹಲಗೆಯ ಮೇಲೆ ಎರಡು ಮೊಳೆ ಹೊಡೆದು ಒಂದು ರಬ್ಬರ್ ಬ್ಯಾಂಡನ್ನು ಬಿಗಿಯಾಗಿ ಎಳೆದು ಹಾಕಿದೆ, ಅಂಥದ್ದೇ ಇನ್ನೊಂದನ್ನು ಪಕ್ಕದಲ್ಲಿ ಸಡಿಲವಾಗಿ ಬಿಟ್ಟೆ. ನೆರಳಿನಲ್ಲೇ ಇಟ್ಟಿದ್ದರೂ ಎಳೆದದ್ದರ ಮೈಮೇಲೆ ಅಡ್ಡಡ್ಡ ಗೀರು ಮೂಡಿ ಕೊನೆಗೆ ತುಂಡಾಯಿತು. ಸಡಿಲವಾಗಿದ್ದದ್ದು ಸ್ವಲ್ಪ ಮಂಕಾಯಿತು, ಅಷ್ಟೇ. ಹಳೆಯ ಟ್ಯೂಬಿನಿಂದ ಕತ್ತರಿಸಿದ ಪಟ್ಟಿಯನ್ನೂ ಹಾಗೇ ಎಳೆದು ಹಾಕಿದ್ದೆ, ಅದಕ್ಕೆ ಏನೂ ಆಗಲಿಲ್ಲ. ಅದು ಬ್ಯುಟೈಲ್ ರಬ್ಬರು. ಅದರಲ್ಲಿ ಜೋಡಿ ಬಂಧಗಳು ತೀರಾ ಕಡಿಮೆ. ಭಾರ ಹೊತ್ತು ನಿಂತ ಟೈರಿನ ಪಕ್ಕೆ ನೆಲದ ಹತ್ತಿರ ಉಬ್ಬಿ ಬಾಗಿರುತ್ತದಲ್ಲ, ಅಲ್ಲಿ ರಬ್ಬರು ಹಗಲೂ ರಾತ್ರಿ ಎಳೆತದಲ್ಲೇ ಇರುತ್ತದೆ. ಗಾಳಿ ಇಳಿದಿದ್ದರೆ ಬಾಗು ಇನ್ನೂ ಹೆಚ್ಚು. ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತಾನಾಗಿಯೇ ಸೋರಿಹೋಗುವುದು ಸಾಮಾನ್ಯ. ಹಾಗಾಗಿ ಮರೆತು ನಿಲ್ಲಿಸಿದ ಗಾಡಿಯಲ್ಲಿ ಓಝೋನ್‌ಗೆ ಬೇಕಾದ ಎಳೆತವನ್ನು ನಾವೇ ಹೆಚ್ಚಿಸುತ್ತಾ ಹೋಗುತ್ತೇವೆ.

ಟೈರು ಮಾಡುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ರಬ್ಬರಿನೊಳಗೇ ಅವರು ಎರಡು ಮದ್ದು ಬೆರೆಸಿರುತ್ತಾರೆ. ಒಂದು ಮೇಣ. ಅದು ನಿಧಾನವಾಗಿ ಹೊರಗೆ ಬಂದು ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟುತ್ತದೆ. ಇನ್ನೊಂದು 6ಪಿಪಿಡಿ ಎಂಬ ರಾಸಾಯನಿಕ. ಅದೂ ಮೇಲಕ್ಕೆ ಬಂದು, ಓಝೋನ್ ರಬ್ಬರನ್ನು ಮುಟ್ಟುವ ಮೊದಲೇ ತಾನು ಅದರ ಜೊತೆ ಕೂಡಿ ಖರ್ಚಾಗುತ್ತದೆ. ಒಳಗಿನ ಮದ್ದು ಮೇಲೆ ಬರುತ್ತಲೇ ಇರಬೇಕಾದರೆ ಟೈರು ಉರುಳಬೇಕು, ಬಾಗಿ ಬಿಚ್ಚಿಕೊಳ್ಳಬೇಕು, ಬಿಸಿಯಾಗಬೇಕು. ನಿಂತ ಗಾಡಿಯಲ್ಲಿ ಇದು ಯಾವುದೂ ಆಗುವುದಿಲ್ಲ. ಮೇಲಿನ ಪದರದ ಮದ್ದು ತೀರಿಹೋಗಿರುತ್ತದೆ, ಒಳಗಿನದು ಒಳಗೇ ಕುಳಿತಿರುತ್ತದೆ.

ಈ 6ಪಿಪಿಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ಓಝೋನ್ ಜೊತೆ ಸೇರಿದಾಗ ಹುಟ್ಟುವ ವಸ್ತು ಟೈರಿನ ಸವೆತದ ಪುಡಿಯೊಂದಿಗೆ ಮಳೆನೀರಿನಲ್ಲಿ ಹೊಳೆಗೆ ಸೇರಿ ಕೊಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತದೆ ಎಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು 2020ರಲ್ಲಿ ತೋರಿಸಿದರು. ಅದಕ್ಕೆ ಬದಲಿ ಹುಡುಕುವ ಕೆಲಸ ನಡೆದಿದೆ. ಟೈರನ್ನು ಕಾಪಾಡುವ ಮದ್ದೇ ಮೀನಿಗೆ ವಿಷವಾದದ್ದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನು ಬಿಸಿಲು. ಟೈರು ಕಪ್ಪಗಿರುವುದೇ ಕಾರ್ಬನ್ ಬ್ಲ್ಯಾಕ್‌ನಿಂದ. ರಬ್ಬರಿಗೆ ಗಟ್ಟಿತನ ಕೊಡುವ ಆ ಮಸಿಯೇ ನೇರಳಾತೀತ ಕಿರಣಗಳನ್ನೂ ಹೀರಿಕೊಂಡು ತಡೆಯುತ್ತದೆ. ಬಿಸಿಲಿನಿಂದ ಹೆಚ್ಚಿನ ಹಾನಿ ಶಾಖದ್ದು. ಶಾಖ ಏರಿದಷ್ಟೂ ರಬ್ಬರು ಆಮ್ಲಜನಕದೊಂದಿಗೆ ಕೂಡಿ ಬೇಗ ಗಡುಸಾಗುತ್ತದೆ. ಇದು ಒಳಗಿನಿಂದಲೂ ನಡೆಯುತ್ತದೆ, ಏಕೆಂದರೆ ನಾವು ತುಂಬಿದ ಗಾಳಿಯ ಆಮ್ಲಜನಕ ಒತ್ತಡದಿಂದ ನಿಧಾನವಾಗಿ ಪದರಗಳೊಳಗೆ ಇಳಿಯುತ್ತಿರುತ್ತದೆ. ನನ್ನಲ್ಲಿ ಯಾವಾಗಲೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಿದ್ದ ಟ್ರೇಲರಿನಲ್ಲಿ ಬಿಸಿಲ ಕಡೆಯ ಚಕ್ರ ಮೊದಲು ಬಿರಿದಿತ್ತು, ನೆರಳಿನ ಕಡೆಯದು ಇನ್ನೂ ಮೆತ್ತಗಿತ್ತು.

ಈಗ ನಾನು ಮಾಡುವುದೇನೆಂದರೆ, ಮೊದಲು ಟೈರಿನ ಜನ್ಮದಿನ ಓದುತ್ತೇನೆ. ಪಕ್ಕೆಯ ಮೇಲೆ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಬೇಕು. 2319 ಎಂದಿದ್ದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಅದರ ಬಗ್ಗೆ ಮಾತೇ ಬೇಡ. ಪೂರ್ತಿ ಸಾಲು ಕೆಲವು ಸಲ ಒಳಬದಿಯ ಪಕ್ಕೆಯಲ್ಲಿ ಮಾತ್ರ ಇರುತ್ತದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿಯಾದರೂ ಓದಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಹೊಸ ಟೈರು ಕೊಳ್ಳುವಾಗಲೂ ಹಣ ಕೊಡುವ ಮುಂಚೆ ಇದನ್ನೇ ನೋಡುವುದು.

ನಿಂತ ಗಾಡಿಗಳನ್ನು ಆಗಾಗ ಹೊರಗೆ ತೆಗೆದು ಟೈರು ಮುಟ್ಟಿದರೆ ಬೆಚ್ಚಗೆ ಅನ್ನಿಸುವಷ್ಟು ದೂರ ಓಡಿಸುತ್ತೇನೆ. ಅಂಗಳದಲ್ಲೇ ಒಂದಡಿ ಮುಂದೆ ಒಂದಡಿ ಹಿಂದೆ ಸರಿಸಿದರೆ ಬಾಗಿದ ಜಾಗ ಬದಲಾಗುತ್ತದೆ, ಅದೂ ಒಳ್ಳೆಯದೇ, ಆದರೆ ಮದ್ದು ಮೇಲೆ ಬರಲು ಅದು ಸಾಲದು. ಗಾಳಿಯನ್ನು ಟೈರು ತಣ್ಣಗಿದ್ದಾಗ ಅಳೆದು, ಗಾಡಿಯ ತಯಾರಕರು ಹೇಳಿದ ಮಟ್ಟಕ್ಕೆ ತುಂಬಿಡುತ್ತೇನೆ. ತಿಂಗಳುಗಟ್ಟಲೆ ಹೊರಡುವುದಿಲ್ಲ ಎಂದು ಗೊತ್ತಿರುವ ಟ್ರೇಲರನ್ನು ಜಾಕ್ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟುಬಿಡುತ್ತೇನೆ. ಭಾರ ಹೋದರೆ ಬಾಗು ಹೋಗುತ್ತದೆ. ಬಾಗು ಇಲ್ಲದ ಕಡೆ ಓಝೋನ್‌ಗೆ ಸೀಳುವುದು ಕಷ್ಟ. ಇಷ್ಟರಲ್ಲಿ ಯಾವುದು ಹೆಚ್ಚು ಫಲ ಕೊಟ್ಟಿತು ಎಂದು ಕೇಳಿದರೆ, ಭಾರ ಇಳಿಸಿದ್ದು ಎನ್ನುತ್ತೇನೆ.

ಬಿಸಿಲಿಗೆ ಚಕ್ರದ ಮೇಲೆ ಬೆಳಕು ತೂರದ ಹೊದಿಕೆ. ಎಣ್ಣೆ, ಡೀಸೆಲ್ ಬಿದ್ದ ನೆಲದಲ್ಲಿ ನಿಲ್ಲಿಸುವುದಿಲ್ಲ. ವೆಲ್ಡಿಂಗ್ ನಡೆಯುವ ಜಾಗ, ಬ್ರಷ್‌ನಲ್ಲಿ ಕಿಡಿ ಹಾರುವ ಮೋಟಾರು ಇವುಗಳ ಹತ್ತಿರ ಗಾಡಿಯನ್ನೂ ಬಿಡಿ ಟೈರನ್ನೂ ಇಡುವುದಿಲ್ಲ, ವಿದ್ಯುತ್ ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಬಿಡಿ ಟೈರುಗಳು ತಂಪಾದ ಕತ್ತಲ ಕೋಣೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ.

ಟೈರ್ ಪಾಲಿಶ್ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಪೆಟ್ರೋಲಿಯಂ ದ್ರಾವಕ ಇರುವ ಪಾಲಿಶ್ ಹೊಳಪು ಕೊಡುತ್ತದೆ ನಿಜ, ಆದರೆ ಮೇಲೆ ಬಂದ ಮೇಣವನ್ನೇ ಕರಗಿಸಿ ಒರೆಸಿಬಿಡುತ್ತದೆ. ಡೀಸೆಲ್ ಬಟ್ಟೆಯಿಂದ ಒರೆಸುವುದಂತೂ ಇನ್ನೂ ಕೆಟ್ಟದ್ದು, ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಪಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಅನೇಕರು ಗಟ್ಟಿ ಬ್ರಷ್ ಹಿಡಿದು ಕೂರುತ್ತಾರೆ. ಆ ಕಂದು ಹೆಚ್ಚಾಗಿ ಮೇಲೆ ಬಂದು ಕೆಲಸ ಮಾಡಿದ ಮದ್ದಿನದೇ. ಸೌಮ್ಯ ಸೋಪಿನ ನೀರು, ಮೆತ್ತನೆಯ ಬ್ರಷ್ ಸಾಕು. ಅಷ್ಟು ತೊಳೆದ ಮೇಲೂ ಕಂದು ಉಳಿದರೆ ಉಳಿಯಲಿ.

ಬಿರುಕು ಬಿದ್ದಾಗಿದ್ದರೆ ಅದನ್ನು ಮುಚ್ಚುವ ಅಂಟಾಗಲಿ ಕ್ರೀಮಾಗಲಿ ಇಲ್ಲ. ಹಚ್ಚಿದರೆ ಕಣ್ಣಿಗೆ ಕಾಣದಂತಾಗುತ್ತದೆ, ಅದೇ ಅಪಾಯ. ಟೈರು ತೊಳೆದು, ಗಾಡಿ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಪಕ್ಕೆಯ ಸುತ್ತ, ಬಟನ್ ನಡುವಿನ ತೋಡುಗಳ ತಳ, ರಿಮ್ ಹತ್ತಿರದ ಅಂಚು ಎಲ್ಲವನ್ನೂ ಟಾರ್ಚ್ ಬೆಳಕಿನಲ್ಲಿ ನೋಡುತ್ತೇನೆ. ಬೆರಳಾಡಿಸಿದರೂ ತಗುಲದ ಮೇಲ್ಮೈ ಗೀರುಗಳಾದರೆ ಗುರುತು ಹಾಕಿ ಕಾಯುತ್ತೇನೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದರೆ, ಒಂದು ಗೀರು ಇನ್ನೊಂದಕ್ಕೆ ಸೇರಿ ಉದ್ದವಾದರೆ ಬದಲಿಸುತ್ತೇನೆ. ಒಳಗಿನ ದಾರ ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ಚಕ್ರದ ಮೇಲೆ ಗಾಡಿ ಒಂದು ಗಜವೂ ಓಡಬಾರದು.

ಬಿರುಕು ಕಾಣದಿದ್ದರೂ ವಯಸ್ಸಿಗೆ ಒಂದು ಗಡಿ ಇದೆ. ಆರು ವರ್ಷಕ್ಕೆ ಬದಲಿಸಿ ಎನ್ನುವ ವಾಹನ ತಯಾರಕರಿದ್ದಾರೆ. ಐದು ವರ್ಷದ ನಂತರ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾದ ದಿನದಿಂದ ಹತ್ತು ವರ್ಷವಾದರೆ ಹೇಗೇ ಇರಲಿ ತೆಗೆಯಿರಿ ಎನ್ನುವ ಟೈರು ಕಂಪನಿಗಳಿವೆ. ತುರ್ತಿನ ವ್ಯಾನಿಗೆ ನಾನು ಆರನ್ನೇ ಹಿಡಿದಿದ್ದೇನೆ. ಸ್ಟೆಪ್ನಿಗೂ ಇದೇ ಲೆಕ್ಕ. ಒಂದು ದಿನವೂ ನೆಲ ಮುಟ್ಟದ ಸ್ಟೆಪ್ನಿ ಕೂಡ ಗಾಡಿಯ ಕೆಳಗೆ ನೇತಾಡಿಕೊಂಡು ಶಾಖ, ಕೆಸರು ತಿನ್ನುತ್ತಲೇ ಮುದಿಯಾಗಿರುತ್ತದೆ.

ಹೀಗೆ ತೆಗೆದ ಟೈರನ್ನು ಹಾಗೇ ಹೊರಗೆ ಕಳಿಸುವುದಿಲ್ಲ. ಬಟನ್ ನೋಡಿ ಯಾರಾದರೂ ಇನ್ನೊಂದು ಗಾಡಿಗೆ ಹಾಕಿಬಿಡುತ್ತಾರೆ. ಎರಡೂ ಪಕ್ಕೆಯನ್ನು ಆರಪಾರ ಕೊಯ್ದ ಮೇಲೆಯೇ ಗುಜರಿಗೆ ಕೊಡುತ್ತೇನೆ.